ಬಾಯಿ ಮುಚ್ಚದ ಕೆಂಪು ಕಾರು

ನೀವೇ ಊಹಿಸಿ ನೋಡೋಣ. ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಕಾರಿನಲ್ಲಿ ಬರುತ್ತಿದ್ದೀರಿ. ಮಟಮಟ ಮಧ್ಯಾಹ್ನ. ಮೋಡವಿಲ್ಲ, ಧೂಳಿಲ್ಲ. ಇದ್ದಕ್ಕಿದ್ದಂತೆ ಎದುರಿನ ರಸ್ತೆಯೇ ಮಾಯ! ಏನಾಗಿರಬಹುದು? ಗ್ರಹಣವೇ? ಕಣ್ಣು ಹೋಯಿತೇ? ಊಹೂಂ, ಬಾನೆಟ್ಟು ಎದ್ದು ನಿಂತಿದೆ, ಅಷ್ಟೇ.

ಇಂಥವು ನನಗೆ ಒಮ್ಮೆ ಆಗಿ ಮುಗಿದದ್ದಲ್ಲ, ಮೇಲಿಂದ ಮೇಲೆ ಆಗುತ್ತಲೇ ಇದ್ದವು. ಕಾರಣ ನಮ್ಮ ಪಕ್ಕದ ಮನೆ ಡಾಕ್ಟರು. ನಾನಾಗ ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬಿಳಿಗಿರಿ ಬೆಟ್ಟದ ಕಾಫಿ ತೋಟದ ದೊರೆಯೊಬ್ಬ ವಿಲಾಯಿತಿಗೆ ಹೊರಟಾಗ ಬಿಟ್ಟುಹೋದ ಕೆಂಪು ಸ್ಪೋರ್ಟ್ಸ್ ಕಾರನ್ನು ಡಾಕ್ಟರು ಕೊಂಡಿದ್ದರು. ಎರಡೇ ಸೀಟು, ಮೇಲೆ ಮುಚ್ಚಿಗೆ ಇಲ್ಲ, ಬಾನೆಟ್ಟಿನ ಕೊಂಡಿ ಮುರಿದಿತ್ತು. ಹಳ್ಳಿಗಳಿಗೆ ರೋಗಿ ನೋಡಲು ಹೊರಟಾಗ, ರಜಾದಿನವಾದರೆ ಜೊತೆಗೆ ನಾನು. ಸಂಜೆಯಾದರೆ ಆ ಸೀಟು ಅವರ ಹೆಂಡತಿಯದು. ಇಬ್ಬರೂ ಈಗಿಲ್ಲ. ಕಥೆ ಹೇಳಲು ಬಾಯಿಬಡುಕ ನಾನೊಬ್ಬ ಉಳಿದಿದ್ದೇನೆ.

೧. ಮೇಯಲು ಬಿಟ್ಟದ್ದು

ಬಾನೆಟ್ಟು ಎದ್ದ ಕೂಡಲೇ ಡಾಕ್ಟರು ಕೂಗಿದರು: "ಮೇಷ್ಟ್ರೇ, ರಸ್ತೆ ಎಲ್ಲಿ?"

ನಾನು ಪಕ್ಕಕ್ಕೆ ಬಾಗಿ ನೋಡಿ "ಬಲಕ್ಕೆ!" ಎಂದೆ. ಅವರು ತಿರುಗಿಸುವುದರೊಳಗೆ ರಸ್ತೆ ಎಡಕ್ಕೆ ಹೊರಳಿತ್ತು. ಕಾರು ಸೀದಾ ಹಿಪ್ಪುನೇರಳೆ ತೋಟಕ್ಕೆ ನುಗ್ಗಿ, ನಾಲ್ಕು ಸಾಲು ಗಿಡ ತಳ್ಳಿಕೊಂಡು ನಿಂತಿತು. ಸೊಪ್ಪು ಕೀಳುತ್ತಿದ್ದ ಹೆಂಗಸು ಕುಕ್ಕೆ ಇಳಿಸಿ ಹತ್ತಿರ ಬಂದಳು. ತೆರೆದುಕೊಂಡ ಬಾನೆಟ್ಟು, ಅದರೊಳಗೆ ತುಂಬಿದ್ದ ಸೊಪ್ಪು, ಎರಡನ್ನೂ ದಿಟ್ಟಿಸಿದಳು.

"ಬಾಯ್ ಬುಟ್ಕಂಡ್ ಬತ್ತಾ ಐತಲ್ಲ ಸಾ! ಈ ಸೊಪ್ಪು ನಮ್ ರೇಷ್ಮೆ ಉಳೀಗೆ ಕಣ್ರಿ. ಕಾರ್ ಮೇಯಿಸ್ಬೇಕಾದ್ರೆ ಬ್ಯಾರೆ ಕಡೀಕ್ ಒಡ್ಕಂಡೋಗಿ!"

೨. ಒಂದು ಬೆಲ್ಟು, ಎರಡು ಕೆಲಸ

ಮೈಸೂರಿಗೆ ಕೊಂಡೊಯ್ದು ಕೊಂಡಿ ಹಾಕಿಸಿ ಎಂದರೆ ಡಾಕ್ಟರು ಜಪ್ಪಯ್ಯ ಎನ್ನಲಿಲ್ಲ. ಅಲ್ಲಿ ಎರಡು ದಿನ ನಿಲ್ಲಬೇಕಿತ್ತು. ಹೆಂಡತಿಯನ್ನು ಬಿಟ್ಟು ಎರಡು ದಿನ ಇರಲು ಅವರಿಂದ ಆಗುತ್ತಿರಲಿಲ್ಲ. ಯಾಕೆಂದು ನನಗೊಬ್ಬನಿಗೆ ಹೇಳಿದ್ದರು. ಅಮ್ಮನವರ ಹೃದಯ ತೀರಾ ಸೋತಿತ್ತು. "ಬರುವ ಸಂಕ್ರಾಂತಿ ಕಾಣುವುದು ಅನುಮಾನ. ಅವಳಿಗೆ ಮಾತ್ರ ಗೊತ್ತಾಗಬಾರದು ಮೇಷ್ಟ್ರೇ. ರಕ್ತ ಕಡಿಮೆ, ಅಷ್ಟೇ ಅಂತ ಹೇಳಿದ್ದೀನಿ." ನಾನು ಆಣೆ ಇಟ್ಟೆ.

ಹೀಗಾಗಿ ಸತ್ತೇಗಾಲಕ್ಕೆ ಹೊರಟ ದಿನ ಅವರು ತಮ್ಮ ಸೊಂಟದ ಬೆಲ್ಟನ್ನೇ ಬಿಚ್ಚಿ ಬಾನೆಟ್ಟಿಗೆ ಬಿಗಿದರು. ಬಾನೆಟ್ಟು ಅಲ್ಲಾಡಲಿಲ್ಲ. ಆದರೆ ರೋಗಿಯ ಜಗಲಿಯಲ್ಲಿ ಸ್ಟೆತಾಸ್ಕೋಪು ಹಿಡಿಯಲು ಒಂದು ಕೈ, ರೋಗಿಯ ಬೆನ್ನು ಬಡಿದು ನೋಡಲು ಇನ್ನೊಂದು. ಪ್ಯಾಂಟಿಗೆ ಮೂರನೇ ಕೈ ಎಲ್ಲಿಂದ ತರುವುದು? ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದರು. ದಮ್ಮಿನ ಮುದುಕ ತಾನೇ ಮರುಗಿ ಹೇಳಿದ:

"ಬುಡಿ ಸಾ, ನಾನ್ ಎಂಗೋ ಕೆಮ್ಮು ತಡ್ಕತೀನಿ. ಮೊದ್ಲು ನೀವದ ಇಡ್ಕಳಿ!"

ಸಂಜೆ ಇದನ್ನು ಹೇಳಿದಾಗ ಅಮ್ಮನವರು ನಕ್ಕು ನಕ್ಕು ಏದುಸಿರಾದರು. ಡಾಕ್ಟರು ಬಳೆ ಸರಿಮಾಡುವ ನೆಪದಲ್ಲಿ ಅವರ ಕೈ ಹಿಡಿದು ನಾಡಿ ನೋಡಿದ್ದನ್ನು ನಾನು ಕಂಡೆ. ಅಮ್ಮನವರು ಒಳಗಿನಿಂದ ಹಳೇ ಹಳದಿ ಸೀರೆಯೊಂದನ್ನು ತರಿಸಿ, ಉದ್ದಕ್ಕೆ ಒಂದು ಪಟ್ಟಿ ಹರಿದು ಕೊಟ್ಟರು.

"ತಗೊಳ್ಳಿ, ಇನ್ನು ಇದರಲ್ಲಿ ಕಟ್ಟಿ. ನಮ್ಮ ಮನೆ ಮಾನ ಕಾರಿಗೆ ಬಿಗಿಯೋದು ಬೇಡ."

೩. ಬಿಚ್ಚಬಾರದ ಗಂಟು

ಹನೂರು, ರಾಮಾಪುರ ದಾಟಿ ಒಂದು ಹಳ್ಳಿಯಲ್ಲಿ ರೋಗಿಯನ್ನು ನೋಡಿ ಹೊರಗೆ ಬಂದೆವು. ಮಾದಪ್ಪನ ಬೆಟ್ಟದ ಬುಡಕ್ಕೆ ಅಲ್ಲಿಂದ ಇನ್ನು ಮೂರೇ ಮೈಲಿ. ಬೆಟ್ಟಕ್ಕೆ ನಡೆದು ಹೊರಟ ಜನ ರಸ್ತೆ ತುಂಬ. ನಮ್ಮ ಕಾರಿನ ಸುತ್ತಲೂ ಜನ! ಯಾರೋ ಕುಂಕುಮ ಹಚ್ಚಿದ್ದಾರೆ, ಇನ್ಯಾರೋ ಊದುಬತ್ತಿ ಸಿಕ್ಕಿಸಿದ್ದಾರೆ. ಆ ಕಡೆ ಹರಕೆಯ ಮುಡಿಪನ್ನು ಹಳದಿ ಬಟ್ಟೆಯಲ್ಲೇ ಕಟ್ಟುವುದು. ಡಾಕ್ಟರು ಹರಕೆ ಹೊತ್ತು ಕಾರಿಗೇ ಮುಡಿಪು ಕಟ್ಟಿದ್ದಾರೆಂದು ಎಲ್ಲರೂ ತಿಳಿದಿದ್ದರು. ಹಿಂದೆ ಇವರಿಂದ ಔಷಧಿ ತಗೊಂಡು ಬದುಕಿದ್ದ ಒಬ್ಬ ಮುದುಕಿ, ಅಕ್ಕಿ ಕಾಳು ಸೇರಿಸಿ ಅದರ ಮೇಲೆ ತಾನೂ ಒಂದು ಗಂಟು ಹಾಕಿದ್ದಳು.

ಕಾರು ಬಿಸಿಲಿನಲ್ಲಿ ಬಂದು ಕುದಿಯುತ್ತಿತ್ತು. ನೀರು ಹುಯ್ಯುವ ಮುಚ್ಚಳ ಬಾನೆಟ್ಟಿನ ಒಳಗೆ. ಡಾಕ್ಟರು ಗಂಟಿಗೆ ಕೈ ಹಾಕಿದರು. ಮುದುಕಿ ಅಡ್ಡ ಬಂದಳು:

"ಮುಟ್ಬ್ಯಾಡಿ ಸಾ! ಅಮ್ಮಾವ್ರು ಬಡವಾಗವ್ರೆ ಅಂತ ಅವ್ರ್ ಎಸ್ರಲ್ಲಿ ಕಟ್ಟಿವ್ನಿ. ಬೆಟ್ಟದ್ ಬುಡ ಮುಟ್ಟಗಂಟ ಬಿಚ್ಬಾರ್ದು. ಬಿಚ್ಚುದ್ರೆ ಅಮ್ಮಾವ್ರಿಗಾಗಕಿಲ್ಲ."

ನನಗೆ ಒಳಗೊಳಗೇ ನಗು. ಯಾಕೆಂದರೆ ಈ ಡಾಕ್ಟರು ತಾಯಿತ ಕಂಡರೆ ಕತ್ತರಿ ತರಿಸುವವರು. ಸೂಜಿ ಬಿಟ್ಟು ಹರಕೆ ಹೊತ್ತವರಿಗೆ ಬೈದು ಬೆವರಿಳಿಸುವವರು. "ಮೌಢ್ಯ!" ಎಂದರು. ಕೈ ಗಂಟಿನ ಮೇಲೆಯೇ ಇತ್ತು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಬಂತು.

"ಮೇಷ್ಟ್ರೇ, ಇಲ್ಲಿ ಎತ್ತು ಸಿಗುತ್ತವಾ ನೋಡಿ."

ಸಿಕ್ಕಿದವು. ಕಾರಿಗೆ ಹಗ್ಗ ಹಾಕಿ ಜೋಡೆತ್ತು ಕಟ್ಟಿದರು. ಡಾಕ್ಟರು ಸ್ಟೀರಿಂಗು ಹಿಡಿದು, ಆಪರೇಷನ್ನಿಗೆ ನಿಂತವರ ಹಾಗೆ ಮುಖ ಬಿಗಿದುಕೊಂಡು ಕೂತರು. ಉಬ್ಬು ಬಂದಾಗ ಸ್ಟೀರಿಂಗು ನನಗೆ ಕೊಟ್ಟು ಇಳಿದು, ಷೂಸು ಕಳಚಿಟ್ಟು, ಎತ್ತಿನ ಪಕ್ಕದಲ್ಲಿ ನಡೆದರು. ಜನ "ಉಘೇ ಮಾದಪ್ಪ!" ಎಂದು ಹಿಂದಿನಿಂದ ತಳ್ಳಿದರು. ಒಬ್ಬ ಹುರುಪಿನಲ್ಲಿ ಹಾರನ್ನು ಒತ್ತಿದ. ಎತ್ತಿನವನು ಸಿಡುಕಿದ: "ಸುಮ್ಕಿರ್ಲಾ! ನನ್ ಎತ್ಗೊಳ್ಗೆ ದಾರಿ ಗೊತ್ತು!"

ಬೆಟ್ಟದ ಬುಡದಲ್ಲಿ ಮುದುಕಿಯೇ ಗಂಟು ಬಿಚ್ಚಿದಳು. ನೀರು ಹುಯ್ದು, ಬಾನೆಟ್ಟಿಗೆ ಎತ್ತಿನವನ ಹಗ್ಗ ಬಿಗಿದು, ದೀಪ ಹಚ್ಚುವ ಹೊತ್ತಿಗೆ ಊರು ಸೇರಿದೆವು.

ಇಂಥ ಕಥೆ ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದ ಆದೀತೆ? ಹೊಸ್ತಿಲು ದಾಟುವ ಮೊದಲೇ ಶುರುಮಾಡಿದೆ. ಮುದುಕಿ ಏನೆಂದಳು, ಎತ್ತು ಹೇಗೆ ನಡೆದವು, ಡಾಕ್ಟರು ಹೇಗೆ ಕೂತಿದ್ದರು, ಎಲ್ಲ ಅಭಿನಯಿಸಿ ತೋರಿಸಿದೆ. ಡಾಕ್ಟರು ಕಣ್ಣಲ್ಲಿ ಬೇಡ ಬೇಡ ಎನ್ನುತ್ತಲೇ ಇದ್ದರು. ನಾನು ಅದನ್ನು ನಾಚಿಕೆ ಎಂದುಕೊಂಡೆ. ಅಮ್ಮನವರು ದಿಂಬಿಗೊರಗಿ ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಂತಿತು.

"ಇವರು ಗಂಟು ಬಿಚ್ಚಲೇ ಇಲ್ಲವಾ ಮೇಷ್ಟ್ರೇ?"

"ಇಲ್ಲಮ್ಮ! ಎತ್ತೇ ಕಟ್ಟಿಸಿಬಿಟ್ಟರು!"

ಅವರು ಗಂಡನ ಕಡೆ ತಿರುಗಿದರು. "ಹಾಗಾದರೆ ನನಗಿರೋದು ರಕ್ತ ಕಡಿಮೆ ಅಲ್ಲ. ಅಲ್ಲವಾ?"

ನನ್ನ ಬಾಯಿ ಆಗ ಮುಚ್ಚಿತು. ಡಾಕ್ಟರು ನೆಲ ನೋಡುತ್ತ ನಿಂತರು. ಅಮ್ಮನವರೂ ಅದೇ ನೆಲ ನೋಡಿದರು. ಬಾಗಿಲಿನಿಂದ ಮಂಚದವರೆಗೆ ಬರಿಗಾಲಿನ ಹೆಜ್ಜೆಗಳು.

"ಹೋಗಿ, ಕಾಲಿನ ಸಗಣಿ ತೊಳ್ಕೊಂಡು ಬನ್ನಿ. ನಿಮ್ಮ ಪಾದಪೂಜೆಗೆ ಬೆಳಿಗ್ಗೆಯಿಂದ ಉಪವಾಸ ಕೂತಿದ್ದೀನಿ."

ಅವತ್ತು ಸಾವಿರದ ಒಂಬೈನೂರ ಅರವತ್ತೈದನೇ ಇಸವಿಯ ಭೀಮನ ಅಮಾವಾಸ್ಯೆ, ಬುಧವಾರ.