ಡುನ್ಯಾಳ ಅಳು ನಿಂತ ಬಗೆ

ನೋವಿ ಸಾದ್ ಊರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ವುಕಾಶಿನ್‌ನ ಕಿವಿಗೆ ದೊಡ್ಡ ಹೆಸರು. ಎಂಜಿನ್ ಕೆಮ್ಮಿದರೆ ಸಾಕು, ಬಾನೆಟ್ ಎತ್ತದೆಯೇ ರೋಗ ಹೇಳುತ್ತಿದ್ದ. ಹಾಗಾಗಿ ಎಳೆಗೂಸು ಡುನ್ಯಾ ಸೂರು ಹಾರಿಹೋಗುವಂತೆ ಅಳತೊಡಗಿದಾಗ ಹೆಂಡತಿ ಯಾಸ್ನಾಗೆ ಅಭಯ ಕೊಟ್ಟ.

“ಅಷ್ಟುದ್ದದ ಬಸ್ಸೇ ನನ್ನ ಹತ್ರ ಬಾಯಿ ಬಿಡುತ್ತೆ. ಈ ಗೇಣುದ್ದದ ಹುಡುಗಿ ಯಾವ ಲೆಕ್ಕ?”

“ಮೊದಲು ಅವಳ ಬಟ್ಟೆ ಬದಲಾಯ್ಸು. ಲೆಕ್ಕ ಆಮೇಲೆ ಹಾಕುವೆಯಂತೆ.”

ಬದಲಾಯಿಸಿದ. ಅಳು ನಿಲ್ಲಲಿಲ್ಲ. ಹೊಟ್ಟೆಯಲ್ಲಿ ಗಾಳಿ ಎಂದು ತೀರ್ಮಾನಿಸಿ ಹೆಗಲಿಗೆ ಹಾಕಿಕೊಂಡು ತಟ್ಟಿದ. ಕುಡಿದದ್ದೆಲ್ಲ ಅವನ ಬೆನ್ನಿಗಿಳಿಯಿತು. ಅಷ್ಟರಲ್ಲಿ ಬಂದ ಅವನ ತಾಯಿ ಸ್ತಾಮೆನಾ, ಆಗಸ್ಟ್‌ನ ಸುಡುವ ಮಧ್ಯಾಹ್ನದಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ ಕೂಸಿಗೆ ಉಣ್ಣೆಯ ಟೋಪಿ ತೊಡಿಸಿದಳು.

“ಅಡ್ಡಗಾಳಿ ಹೊಡೆದಿದೆ ಕಣೋ. ನಿನ್ನ ಹೆಂಡ್ತಿಗೆ ಎಷ್ಟು ಸಲ ಹೇಳೋದು?”

“ಗಾಳಿಗೆ ಏನೂ ಆಗಲ್ಲ ಅತ್ತೆ. ಈ ಸೆಕೆಗೆ ಬೆಂದು ಹೋಗ್ತಾಳೆ,” ಎಂದು ಯಾಸ್ನಾ ಟೋಪಿ ಕಿತ್ತೆಸೆದಳು.

“ಅಮ್ಮನ ಮೇಲೆ ರೇಗಬೇಡ,” ಎಂದ ವುಕಾಶಿನ್.

“ಹಾಗಾದ್ರೆ ಹಾಲನ್ನೂ ನಿಮ್ಮಮ್ಮನೇ ಕುಡಿಸ್ಲಿ.”

ಮಾತಿಗೆ ಮಾತು ಬೆಳೆಯಿತು. ತಮ್ಮ ಮದುವೆಯೂಟದಲ್ಲಿ ಮಾಂಸ ತುಂಬಿದ ಕೋಸಿನ ಸುರುಳಿ ಹಳಸಿತ್ತೆಂಬ ಹಳೆಯ ವ್ಯಾಜ್ಯವೂ ಎದ್ದು ಕೂತಿತು. ಡುನ್ಯಾ ಸ್ವರ ಏರಿಸಿದಳು. ಬಾಗಿಲು ಬಡಿದದ್ದು ಯಾರಿಗೂ ಕೇಳಿಸದೆ, ಕೆಳಮನೆಯ ಮುದುಕ ಲಾಜಾರ್ ತಾನೇ ತಳ್ಳಿಕೊಂಡು ಒಳಬಂದ.

“ಕೂಸು ಅತ್ರೆ ನನಗೇನೂ ತೊಂದ್ರೆ ಇಲ್ಲಪ್ಪ. ಆದ್ರೆ ದಿನಾ ನಿಮ್ಮ ಜಗಳ ಏರಿದ ಹಾಗೆ ಅದರ ಅಳು ಏರುತ್ತೆ, ನೀವು ನಿಲ್ಲಿಸಿದ ಮೇಲೇ ಅದು ನಿಲ್ಲಿಸೋದು. ಕೆಳಗೆ ಎಲ್ಲಾ ಕೇಳುತ್ತೆ.”

ಮೂವರೂ ಬಾಯಿ ಮುಚ್ಚಿದರು. ಡುನ್ಯಾ ಸ್ವಲ್ಪ ಬಿಕ್ಕಿ, ಮುಷ್ಟಿ ಚೀಪುತ್ತ ನಿದ್ದೆಹೋದಳು.

ಊರ ಎಂಜಿನ್‌ಗಳ ರೋಗ ಬಲ್ಲ ಕಿವಿ ನಾಚಿ ಕೆಂಪಾಯಿತು. ಅಂದಿನಿಂದ ಆ ಮನೆಯಲ್ಲಿ ಜಗಳ ನಿಂತಿತು. ನಿಂತ ಮೇಲೆ, ತಮ್ಮ ನಡುವೆ ಬೇರೆ ಮಾತೇ ಇರಲಿಲ್ಲವೆಂಬುದು ಗಂಡ ಹೆಂಡಿರಿಗೆ ತಿಳಿಯಿತು. ಉಪ್ಪು ಬೇಕಾದರೆ ಬೆರಳು ತೋರಿಸುತ್ತಿದ್ದರು. ಮಗು ಮೈತುಂಬಿಕೊಂಡಿತು. ಎಂಥ ಶಾಂತ ಸಂಸಾರವೆಂದು ಅಕ್ಕಪಕ್ಕದವರು ಹೊಗಳಿದರು.

ಮರಗಳು ಎಲೆ ಉದುರಿಸುತ್ತಿದ್ದ ಒಂದು ಬೆಳಿಗ್ಗೆ ಯಾಸ್ನಾ ಸೂಟ್‌ಕೇಸ್ ತುಂಬಿ, ನಿದ್ದೆಯಲ್ಲಿದ್ದ ಡುನ್ಯಾಳನ್ನು ಎದೆಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು. ತವರಿಗೆ ಹೊರಟಳೆಂದು ವುಕಾಶಿನ್‌ಗೆ ಹೇಳದೆಯೇ ಗೊತ್ತಾಯಿತು. ಮರಳಿ ಬರುವಳೆಂದು ಮಾತ್ರ ಅನ್ನಿಸಲಿಲ್ಲ. ‘ಹೋಗಬೇಡ’ ಎಂಬ ಕೂಗು ಗಂಟಲವರೆಗೆ ನುಗ್ಗಿ ಬಂತು. ಅವನು ಬಾಯಿ ತೆರೆದ.

ಯಾಸ್ನಾ ತುಟಿಯ ಮೇಲೆ ಬೆರಳಿಟ್ಟಳು.

“ಮೆಲ್ಲಗೆ. ಮಗು ಎದ್ದೀತು.”