ಹಳದಿ ದೀಪವೂ ನಾಲ್ಕು ಸ್ಟೆಪ್ನಿಗಳೂ

ಕಾರಿನ ಚಕ್ರ ಬದಲಾಯಿಸುವುದು ಏನು ಮಹಾ ಬ್ರಹ್ಮವಿದ್ಯೆ? ಬಿಚ್ಚುವುದು, ಹಾಕುವುದು, ಕೈ ತೊಳೆಯುವುದು. ಶನಿವಾರ ಬೆಳಿಗ್ಗೆ ಹೀಗೆಂದು ನನ್ನ ಗಂಡ ಗಿರಿಗೆ ಹೇಳಿದಾಗ ಅವನು ಕಾಫಿ ಲೋಟದಿಂದ ತಲೆಯೆತ್ತದೆ "ಹ್ಞೂಂ" ಎಂದ. ಆ "ಹ್ಞೂಂ" ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಜಪಾನಿನ ಡ್ರೈವಿಂಗ್ ಪರೀಕ್ಷೆಯಲ್ಲಿ ಹೋದಾಗಲೆಲ್ಲ ಫೇಲಾಗಿ ಬಂದು, ತ್ಸುಕುಬಾದ ರಸ್ತೆಗಳಲ್ಲಿ ಸೈಕಲ್ ತುಳಿದುಕೊಂಡಿರುವ ಮನುಷ್ಯನಿಗೆ ಕಾರಿನ ವಿಷಯದಲ್ಲಿ "ಹ್ಞೂಂ" ಎನ್ನುವ ಹಕ್ಕು ಎಲ್ಲಿಂದ ಬಂತು?

ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ನಾನು ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಸೆನ್ಸರ್ ವಿಜ್ಞಾನಿ. ಹೆಸರಿನ ಮುಂದೆ ಡಾಕ್ಟರ್ ಎಂದಿದೆ. ಶಾಖ, ತೇವ, ಒತ್ತಡ ಎಲ್ಲಿ ಎಷ್ಟಿದೆ ಎಂದು ಅಳೆದು ಹೇಳುವ ಪುಟ್ಟ ಪುಟ್ಟ ಸಾಧನಗಳನ್ನು ತಯಾರಿಸುವುದೇ ನನ್ನ ಹೊಟ್ಟೆಪಾಡು. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ನಾನಂತೂ ಮರೆತಿದ್ದೆ!

ಇಷ್ಟಕ್ಕೆಲ್ಲ ಕಾರಣ ನಮ್ಮ ಅತ್ತೆಯವರ ಒಂದು ಆಸೆ. ಮೈಸೂರಿನಿಂದ ಬಂದು ನಮ್ಮ ಜೊತೆ ಚಳಿಗಾಲ ಕಳೆದ ಅವರಿಗೆ ಹಿಮದ ಮೇಲೆ ರೇಷ್ಮೆ ಸೀರೆಯುಟ್ಟು ನಿಂತು ಫೋಟೋ ತೆಗೆಸಿಕೊಳ್ಳಬೇಕಿತ್ತು. ಅದನ್ನು ಭಜನಾ ಮಂಡಳಿಯ ವಾಟ್ಸಾಪ್ ಗುಂಪಿಗೆ ಹಾಕಬೇಕಿತ್ತು. ಆ ಗುಂಪಿನ ಪದ್ಮಕ್ಕ ಕೆನಡಾದ ಮಗಳ ಮನೆಯ ಹಿಮದಲ್ಲಿ ನಿಂತ ಫೋಟೋ ಹಾಕಿದ ಮೇಲೆ, ಆಕೆ ತಾಳ ತಪ್ಪಿದರೂ ಮಂಡಳಿಯಲ್ಲಿ ಯಾರೂ ಸೊಲ್ಲೆತ್ತುತ್ತಿರಲಿಲ್ಲವಂತೆ. ತ್ಸುಕುಬಾದಲ್ಲಿ ಚಳಿ ಮೂಳೆ ಕೊರೆಯುತ್ತದೆ, ಆದರೆ ಹಿಮ ನೆಟ್ಟಗೆ ಬೀಳುವುದಿಲ್ಲ. ಅತ್ತೆಯ ವಿಮಾನ ಸೋಮವಾರಕ್ಕೆ. ಉಳಿದಿದ್ದು ಭಾನುವಾರ ಒಂದೇ. ಉತ್ತರದ ಬೆಟ್ಟಗಳಿಗೆ ಹೋಗಬೇಕು, ಆ ರಸ್ತೆಗಳಿಗೆ ಚಳಿಗಾಲದ ಟೈರು ಬೇಕೇ ಬೇಕು. ಪುಣ್ಯಕ್ಕೆ, ಊರಿಗೆ ವಾಪಸಾದ ಸ್ನೇಹಿತೆಯೊಬ್ಬಳು ತನ್ನ ಚಳಿಗಾಲದ ಚಕ್ರಗಳನ್ನು ನಮಗೆ ಬಿಟ್ಟುಹೋಗಿದ್ದಳು. ರಿಮ್ ಸಮೇತ!

ಹಿಂದಿನ ದಿನ ಲ್ಯಾಬಿನಲ್ಲಿ ಸಹೋದ್ಯೋಗಿ ಮೋರಿ ಸಾನ್‌ಗೆ ಈ ವಿಷಯ ಹೇಳಿದಾಗ ಅವರು ಹಲ್ಲುಸಂದಿಯಿಂದ ಸುಯ್ಯೆಂದು ಉಸಿರೆಳೆದುಕೊಂಡಿದ್ದರು. "ಸುಮಿಮಾಸೆನ್, ಕ್ಷಮಿಸಿ... ನಿಮ್ಮದು ಯುರೋಪಿನ ಕಾರಲ್ಲವೇ? ಚಕ್ರದೊಳಗಿನ ಸೆನ್ಸರ್ ವಿಷಯ... ಸ್ವಲ್ಪ..." ಎಂದು ನಿಲ್ಲಿಸಿದರು. ಜಪಾನಿಯರು "ಸ್ವಲ್ಪ" ಎಂದು ಮಾತನ್ನು ಅರ್ಧಕ್ಕೆ ಬಿಟ್ಟರೆ ಮುಂದೆ ಬೆಟ್ಟದಷ್ಟು ತೊಂದರೆ ಕಾದಿದೆ ಎಂದರ್ಥ. ಇಷ್ಟು ವರ್ಷ ಇಲ್ಲಿದ್ದ ನನಗಿದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಸೆನ್ಸರ್ ಬಗ್ಗೆ ನನಗೇ ಪಾಠವೇ! "ಏನೂ ತೊಂದರೆಯಿಲ್ಲ" ಎಂದು ಕೈಬೀಸಿದೆ. ಮೋರಿ ಸಾನ್ ತಲೆಬಾಗಿಸಿ ಹೊರಟುಹೋದರು. ಬಹಳ ಸಭ್ಯರು. ತಾವಾಗಿಯೇ ಬಾವಿಗೆ ಬೀಳುವವರ ಸ್ವಾತಂತ್ರ್ಯಕ್ಕೆ ಅಡ್ಡಬರುವುದಿಲ್ಲ.

ಶನಿವಾರ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಜಾಕ್ ಕೊಟ್ಟು ಚಕ್ರಗಳನ್ನು ಬಿಚ್ಚಿ ಹಾಕಿದೆ. ಸೊಂಟ ಹಿಡಿಯಿತು, ಆದರೂ ಹಾಕಿದೆ. ಇನ್ನೇನು ಕಾರು ಹತ್ತಬೇಕು, ಅತ್ತೆ ಚೀಲ ಹಿಡಿದು ಬಂದರು.

"ತಡಿ ಸುಮಾ, ಹೊಸ ಚಕ್ರ ಹಾಕಿದೀಯ. ನಿಂಬೆಹಣ್ಣು ಇಡ್ದೆ ಗಾಡಿ ಕದಲಿಸ್ಬೇಡ."

"ಅತ್ತೆ, ಇಲ್ಲೆಲ್ಲ ಪಾರ್ಕಿಂಗ್ ಕೊಳಕು ಮಾಡೋ ಹಾಗಿಲ್ಲ."

"ನಿಂಬೆಹಣ್ಣು ಕೊಳಕಾ? ನಿಮ್ಮನೇಲಿ ಹಾಗಂತ ಹೇಳ್ಕೊಟ್ಟಿದಾರಾ?"

ನಮ್ಮನೆಯ ಮಾತು ಬಂದ ಮೇಲೆ ಇನ್ನೇನು? ಪ್ರತಿ ಚಕ್ರದಡಿಗೂ ನಿಂಬೆಹಣ್ಣು ಬಂತು. ಕಾರು ಮುಂದೆ ಸರಿಯಿತು, ಹಣ್ಣುಗಳು ಫಚ್ಚೆಂದವು. ಆಚೆ ಬೀದಿಯವರೆಗೂ ಒಂದು ಸುತ್ತು ಹಾಕುವಷ್ಟರಲ್ಲಿ ಟಿಣ್ ಎಂದು ಸದ್ದಾಗಿ ಎದುರಿಗೆ ಹಳದಿ ದೀಪ ಹತ್ತಿಕೊಂಡಿತು. ಕುದುರೆ ಲಾಳದ ಆಕಾರ, ಅದರ ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ನನ್ನ ಸಾಹಸ ಕಂಡು ಕಾರಿಗೇ ಆಶ್ಚರ್ಯ!

"ಅದೇನಮ್ಮ ದೀಪ?" ವಾಪಸು ಬಂದು ನಿಲ್ಲಿಸಿದಾಗ ಅತ್ತೆ ಕಿಟಕಿಯಿಂದ ಒಳಗೆ ಬಗ್ಗಿದರು.

"ಟೈರಲ್ಲಿ ಗಾಳಿ ಕಮ್ಮಿ ಅಂತ ಹೇಳ್ತಿದೆ ಅತ್ತೆ. ಸೆನ್ಸರ್ ಅಂದ್ರೆ ಅದೇ. ನನ್ನ ಸಬ್ಜೆಕ್ಟು!"

ಪೆಟ್ರೋಲ್ ಬಂಕಿಗೆ ಹೋಗಿ ಗಾಳಿ ತುಂಬಿಸಿದೆ. ದೀಪ ಆರಲಿಲ್ಲ. ಇನ್ನಷ್ಟು ತುಂಬಿಸಿದೆ. ಆರಲಿಲ್ಲ. ಮತ್ತಷ್ಟು ತುಂಬಿಸಿದೆ. ಈಗ ಕಾರು ಸಣ್ಣ ಕಲ್ಲಿನ ಮೇಲೆ ಹೋದರೂ ಪುಟ್ಟ ಮಗುವಿನ ಹಾಗೆ ಎಗರತೊಡಗಿತು. ಹಾಗಾದರೆ ಗಾಳಿ ಹೆಚ್ಚಾಗಿರಬೇಕೆಂದು ಮನೆಗೆ ಬಂದು ಅತ್ತೆಯ ಹೇರ್‌ಪಿನ್ ತೆಗೆದುಕೊಂಡು ವಾಲ್ವಿಗೆ ಚುಚ್ಚಿ ಚುಚ್ಚಿ ಗಾಳಿ ಬಿಟ್ಟೆ. ಹೇರ್‌ಪಿನ್ ಡೊಂಕಾಯಿತು. ದೀಪ ಮಾತ್ರ ನಂದಾದೀಪ.

"ಯಾರನ್ನಾದ್ರೂ ಕೇಳೋಣ್ವಾ?" ಎಂದ ಗಿರಿ.

"ನಾನೇ ಸೆನ್ಸರ್ ಮಾಡೋಳು ಗಿರಿ! ಇನ್ಯಾರನ್ನ ಕೇಳ್ಲಿ?"

ಅತ್ತೆ ತೀರ್ಪು ಕೊಟ್ಟೇಬಿಟ್ಟರು. "ನೋಡು ಸುಮಾ, ಗಾಡಿ ಬೇಡ ಅಂತ ಬಾಯಿಬಿಟ್ಟು ಹೇಳ್ತಿದೆ. ಆ ದೀಪ ಉರೀತಿದ್ರೆ ನಾನು ಬೆಟ್ಟ ಹತ್ತಲ್ಲ. ಹಿಮ ನನ್ನ ಹಣೇಲಿ ಬರೆದಿಲ್ಲ, ಬಿಡು." ಹೇಳುತ್ತಾ ಅವರ ಮುಖ ಸಣ್ಣದಾಯಿತು. ಅದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಪಾಪ, ಇಸ್ತ್ರಿ ಮಾಡಿದ ಸೀರೆ ಕುರ್ಚಿಯ ಮೇಲೆ ಕಾಯುತ್ತಿತ್ತು.

ನನ್ನ ಮೊದಲ ವೈಜ್ಞಾನಿಕ ಪರಿಹಾರ: ದೀಪದ ಮೇಲೆ ಒಂದು ದೊಡ್ಡ ಸ್ಟಿಕರ್ ಬೊಟ್ಟು ಅಂಟಿಸುವುದು. ಅಂಟಿಸಿದೆ. ಡ್ಯಾಶ್‌ಬೋರ್ಡಿಗೆ ಮುತ್ತೈದೆಯ ಕಳೆ ಬಂತು. ಆದರೆ ದೀಪ ಅಡಗಿದರೂ ಟಿಣ್ ಟಿಣ್ ಸದ್ದು ಅಡಗಲಿಲ್ಲ. ಅತ್ತೆಗೆ ಕಿವಿ ಬಹಳ ಚುರುಕು.

ಅಷ್ಟರಲ್ಲಿ ಅಪಾರ್ಟ್‌ಮೆಂಟ್ ನೋಡಿಕೊಳ್ಳುವವರು ಬಂದು, ಬಿಚ್ಚಿಟ್ಟ ಹಳೆಯ ಚಕ್ರಗಳನ್ನೂ ಅಪ್ಪಚ್ಚಿಯಾದ ನಿಂಬೆಹಣ್ಣುಗಳನ್ನೂ ನೋಡಿ, ಹಲ್ಲುಸಂದಿಯಿಂದ ಸುಯ್ಯೆಂದರು. ನಿಂಬೆಹಣ್ಣು ಬಳಿದು ತೆಗೆದು ನೆಲ ತೊಳೆದೆ. ಚಕ್ರಗಳನ್ನು ಲ್ಯಾಬಿನ ಉಗ್ರಾಣದಲ್ಲಿಟ್ಟು ಬರೋಣವೆಂದು ಡಿಕ್ಕಿಗೂ ಹಿಂದಿನ ಸೀಟಿಗೂ ತುಂಬಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಸದ್ದು ನಿಂತಿತು. ಬೊಟ್ಟು ಕಿತ್ತು ನೋಡಿದೆ. ದೀಪ ಆರಿತ್ತು!

ಆಗ ತಲೆಗೆ ಹೊಳೆಯಿತು. ಸೆನ್ಸರ್‌ಗಳಿದ್ದುದು ಹಳೆಯ ಚಕ್ರಗಳ ಒಳಗೆ. ಹೊಸದರಲ್ಲಿ ಏನೂ ಇಲ್ಲ, ಯಾವ ಸುದ್ದಿಯೂ ಬಾರದೆ ಕಾರು ದೀಪ ಹಚ್ಚಿತ್ತು. ಹಳೆಯವು ಸೀಟಿನ ಮೇಲೆ ಕೂತು "ನಾವು ಕ್ಷೇಮ" ಎಂದು ರೇಡಿಯೋದಲ್ಲಿ ಹೇಳುತ್ತಿದ್ದವು, ಕಾರು ನೆಮ್ಮದಿಯಿಂದ ನಂಬುತ್ತಿತ್ತು. ಮೋರಿ ಸಾನ್ ಹೇಳಹೊರಟ "ಸ್ವಲ್ಪ" ಇದೇ!

ಮನೆಗೆ ಹೋಗಿ ನಿಜ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ "ನನ್ನ ಸಬ್ಜೆಕ್ಟು" ಎಂದು ಕೊಚ್ಚಿಕೊಂಡ ನಾಲಿಗೆಯಿಂದ ಅದನ್ನು ಹೇಗೆ ಹೇಳಲಿ? ಉಗ್ರಾಣಕ್ಕೆ ಹೋಗದೆ ಹಾಗೆಯೇ ಹಿಂತಿರುಗಿ, "ರಿಪೇರಿ ಆಯ್ತು ಅತ್ತೆ" ಎಂದೆ.

ಭಾನುವಾರ ಅತ್ತೆ ರೇಷ್ಮೆ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಸೀಟ್‌ಬೆಲ್ಟ್ ಹಾಕಿಕೊಂಡ ಎರಡು ಚಕ್ರಗಳ ನಡುವೆ ಗಿರಿ ಸಿಕ್ಕಿಕೊಂಡಿದ್ದ.

"ಇವೆಲ್ಲ ಯಾಕೆ ಬರ್ತಿವೆ?"

"ಸ್ಟೆಪ್ನಿ ಅತ್ತೆ."

"ನಾಲ್ಕು ಸ್ಟೆಪ್ನಿನಾ?"

"ಚಕ್ರಾನೂ ನಾಲ್ಕಿದಾವಲ್ಲ ಅತ್ತೆ."

ಅತ್ತೆ ತಲೆದೂಗಿದರು. "ಮುನ್ನೆಚ್ಚರಿಕೆ ಅಂದ್ರೆ ಇದಪ್ಪ. ಎಷ್ಟಾದ್ರೂ ಓದಿದೋಳು" ಎಂದರು. ಹಿಂದಿನಿಂದ "ಹ್ಞೂಂ" ಕೇಳಿಸಿತು.

ಬೆಟ್ಟದ ರಸ್ತೆ ಏರತೊಡಗಿತು. ದೀಪವಿಲ್ಲ, ಸದ್ದಿಲ್ಲ. ದೂರದ ಶಿಖರಗಳು ಬೆಳ್ಳಗೆ ಕಂಡಾಗ ಅತ್ತೆ ಕೈಮುಗಿದರು. ಕಾರು ಎಡಕ್ಕೆ ಎಳೆಯುತ್ತಿತ್ತು. ಗಾಳಿಯ ರಭಸ ಇರಬೇಕೆಂದುಕೊಂಡೆ. ಆಮೇಲೆ ಕೆಳಗಿನಿಂದ ದಡಬಡ ಸದ್ದು ಬಂತು. ರಸ್ತೆ ಸರಿಯಿಲ್ಲವೆಂದುಕೊಂಡೆ. ಜಪಾನಿನಲ್ಲಿ ರಸ್ತೆ ಸರಿಯಿಲ್ಲವಂತೆ! ಅಷ್ಟು ಕುರುಡು ನಂಬಿಕೆ ನನಗೆ ಆ ಆರಿದ ದೀಪದ ಮೇಲೆ.

ಒಂದು ನೂಡಲ್ಸ್ ಹೋಟೆಲಿನ ಮುಂದೆ ನಿಲ್ಲಿಸಿ ಇಳಿದು ನೋಡಿದರೆ ಎಡಗಡೆಯ ಚಕ್ರ ದೋಸೆಯಾಗಿತ್ತು. ಹೇರ್‌ಪಿನ್ ಚುಚ್ಚಿ ಕೆಡಿಸಿದ ವಾಲ್ವಿನಿಂದ ಗಾಳಿ ಸೋರಿಹೋಗಿತ್ತು. ದೀಪ ಯಾಕೆ ಹೇಳಲಿಲ್ಲ? ದೀಪಕ್ಕೆ ಗೊತ್ತಿದ್ದದ್ದು ಗಿರಿಯ ಅಕ್ಕಪಕ್ಕ ಕೂತವರ ಆರೋಗ್ಯ ಮಾತ್ರ.

"ದೀಪ ಹತ್ತಲೇ ಇಲ್ವಲ್ಲ ಸುಮಾ?" ಅತ್ತೆ ಮುಗ್ಧವಾಗಿ ಕೇಳಿದರು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಹೇಳುವಾಗ ಅಳು ಬಂತು. ಹಳೆಯ ಚಕ್ರ ಹಾಕಬಹುದಿತ್ತು, ಆದರೆ ಅದು ಬೇಸಿಗೆಯದು. ಅದನ್ನು ಹಾಕಿಕೊಂಡು ಹಿಮದ ರಸ್ತೆ ಹತ್ತುವ ಹಾಗಿಲ್ಲ. ಹಿಮ ಶುರುವಾಗುವುದು ಮುಂದಿನ ತಿರುವುಗಳಾಚೆ. ಹಾಕಿಕೊಂಡು ವಾಪಸು ಹೋಗುವುದೊಂದೇ ದಾರಿ.

ಅತ್ತೆ ಸೀರೆಯ ನೆರಿಗೆ ಸರಿಪಡಿಸಿಕೊಂಡು ಕಾರಿನಿಂದ ಇಳಿದರು. ಬೈದಿದ್ದರೆ ವಾಸಿಯಿತ್ತು. ನಾನು ಜಾಕ್ ತೆಗೆಯಲು ಡಿಕ್ಕಿಯ ಚಕ್ರಗಳನ್ನೆಲ್ಲ ಕೆಳಗಿಳಿಸಿ ಹರಡುತ್ತಿದ್ದಾಗ ಅವರು ಪಾರ್ಕಿಂಗ್‌ನ ನೆರಳಿನ ಮೂಲೆಗೆ ಹೋಗಿ, "ಗಿರಿ, ಇದೇನೋ?" ಎಂದು ಕೂಗಿದರು. ಹೋಟೆಲಿನವರು ಗುಡಿಸಿ ರಾಶಿ ಹಾಕಿದ್ದ ಹಳೆಯ ಹಿಮ. ಬೂದು ಬಣ್ಣ, ನಡುನಡುವೆ ಕಡ್ಡಿ, ಮಣ್ಣು, ಒಂದು ಒಂಟಿ ಕೈಗವಸು.

"ಹಿಮಾನೇ ಅಮ್ಮ. ಗಲೀಜಾಗಿದೆ."

"ಆಗ್ಲಿ ಬಿಡೋ!" ಎಂದವರೇ ಸೀರೆ ಎತ್ತಿಕೊಂಡು ರಾಶಿಯ ಮೇಲೆ ಹತ್ತಿಯೇಬಿಟ್ಟರು. ಒಂದು ಹಿಡಿ ತೆಗೆದು ಕೆನ್ನೆಗೆ ಒತ್ತಿಕೊಂಡು ಚಿಕ್ಕ ಹುಡುಗಿಯ ಹಾಗೆ ಕಿರುಚಿ ನಕ್ಕರು. ಗಿರಿ ಫೋಟೋ ತೆಗೆದ. ನನಗೆ ಜೀವ ಬಂದಂತಾಯಿತು.

ವಾಪಸು ಬರುವಾಗ ಫೋಟೋ ಗುಂಪಿಗೆ ಹೋಯಿತು. ಹಿಮದ ಮೇಲೆ ಅತ್ತೆ ಸರಿಯಾಗಿಯೇ ಬಂದಿದ್ದರು. ಆದರೆ ಪಕ್ಕದಲ್ಲಿ ಸುತ್ತಲೂ ಚಕ್ರ ಹರಡಿಕೊಂಡು, ಕೈಮುಖಕ್ಕೆಲ್ಲ ಮಸಿ ಬಳಿದುಕೊಂಡು, ಸ್ಪ್ಯಾನರ್ ಹಿಡಿದು ಕುಕ್ಕರಗಾಲಿನಲ್ಲಿ ಕೂತ ನಾನೂ ಬಂದಿದ್ದೆ. ತಕ್ಷಣ ಪದ್ಮಕ್ಕನ ಧ್ವನಿ ಸಂದೇಶ ಕಾರಿನಲ್ಲಿ ಮೊಳಗಿತು. "ಹಿಮ ಚೆನ್ನಾಗಿದೆ ಕಣ್ರೀ. ಪಕ್ಕದಲ್ಲಿರೋದು ನಿಮ್ಮ ಸೊಸೆ ಅಲ್ವಾ? ಪಾಪ, ಜಪಾನಲ್ಲಿ ಪಂಕ್ಚರ್ ಅಂಗಡಿ ಇಟ್ಕೊಂಡಿದಾಳಾ?"

ನಾನು ಸ್ಟೀರಿಂಗ್ ಬಿಗಿಹಿಡಿದು ಅತ್ತೆಯ ಕಡೆ ನೋಡಿದೆ. ಅವರು ಸೆಟೆದು ಕೂತರು. ಸೊಸೆಯ ಮಾನದ ಪ್ರಶ್ನೆ! ಫೋನನ್ನು ಬಾಯಿಯ ಹತ್ತಿರ ಹಿಡಿದು, ಇಡೀ ಭಜನಾ ಮಂಡಳಿಗೆ ಕೇಳುವ ಹಾಗೆ ಹೇಳಿದರು:

"ಛೆ ಛೆ, ಏನು ಮಾತೂಂತ ಆಡ್ತೀರಾ ಪದ್ಮಕ್ಕ! ಪಂಕ್ಚರ್ ಅಂಗಡಿಯೋಳಾಗಿದ್ರೆ ಚಕ್ರದಲ್ಲಿ ಗಾಳಿ ಇಲ್ಲದ್ದು ಗೊತ್ತಾಗ್ತಿರ್ಲಿಲ್ವಾ? ಇವಳು ಸೈಂಟಿಸ್ಟು."