ಗುಂಡಿ ಕಣ್ಣಿನ ರಬ್ಬರ್ ಮೀನು

ರಬ್ಬರ್ ಮೀನುಗಳನ್ನು ಗುಂಡಿ ಡಬ್ಬಿಯಲ್ಲಿ ಬಚ್ಚಿಟ್ಟದ್ದೇ ದರ್ಜಿ ಮಾಡಿದ ತಪ್ಪು.

ಬಚ್ಚಿಡಲು ಕಾರಣವಿತ್ತು. ಗಾಳಕ್ಕೆ ಸಿಕ್ಕಿಸುವ, ಮೆತ್ತಗೆ ಬಾಲ ಅಲ್ಲಾಡಿಸುವ ಆ ಪುಟಾಣಿ ಮೀನುಗಳನ್ನು ಅವನು ಒಟ್ಟಿಗೆ ಹತ್ತು ತಂದಿದ್ದ. ಹೆಂಡತಿ ಕಂಡರೆ, "ಒಂದು ನಿಜವಾದ ಮೀನು ಹಿಡೀದೋರಿಗೆ ಹತ್ತು ಸುಳ್ಳು ಮೀನಾ?" ಎಂದು ಕೇಳುವುದು ಖಂಡಿತ. ಆ ವಾರವೆಲ್ಲ ತಗಡಿನ ಮಾಡಿನ ಕೆಳಗೆ ಅಂಗಡಿ ಒಲೆಯಂತೆ ಕಾದಿತ್ತು. ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಹತ್ತೂ ಮೀನು ಕರಗಿ, ಪ್ಲಾಸ್ಟಿಕ್ ಡಬ್ಬಿಯ ತಳವನ್ನೂ ಒಳಗಿದ್ದ ಗುಂಡಿಗಳನ್ನೂ ಕಚ್ಚಿಕೊಂಡು, ಬಹಳ ವರ್ಷಗಳ ಮೇಲೆ ಭೇಟಿಯಾದ ಅಕ್ಕತಂಗಿಯರ ಹಾಗೆ ಒಂದನ್ನೊಂದು ತಬ್ಬಿಕೊಂಡು ಮುದ್ದೆಯಾಗಿದ್ದವು.

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಇವತ್ತು ಸಂಜೆ ಮಾವ ಬರುವವರಿದ್ದರು.

ಅಜ್ಜಿಯರು ಹೇಳುವ ಕತೆಗಳಲ್ಲಿ ಮಾವಂದಿರು ಅಳಿಯನಿಗೆ ಅರ್ಧ ರಾಜ್ಯ ಕೊಡುತ್ತಾರೆ. ದರ್ಜಿಯ ಮಾವನ ಬಳಿ ಇದ್ದದ್ದು ಒಂದು ದೋಣಿ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ನಲವತ್ತು ವರ್ಷ ಜನರನ್ನು ದಾಟಿಸಿ, ಈಗ ಮಂಡಿನೋವೆಂದು ಹುಟ್ಟು ಕೆಳಗಿಟ್ಟಿದ್ದರು. ಅಳಿಯಂದಿರು ಇಬ್ಬರು, ದೋಣಿ ಒಂದು. "ಭಾನುವಾರ ಇಬ್ಬರೂ ದಡದಲ್ಲಿ ಗಾಳ ಹಾಕಿ. ಐದು ಗಂಟೆಗೆ ಬಂದು ನೋಡಿ, ಯಾರಿಗೆ ಅಂತ ಹೇಳ್ತೀನಿ," ಎಂದಿದ್ದರು.

ದರ್ಜಿಗೆ ಆ ದೋಣಿಯ ಮೇಲೆ ಎಷ್ಟು ಆಸೆಯೆಂದರೆ, ಅದಕ್ಕೆ ನೀಲಿ ಪಟ್ಟೆಯ ಮೇಲ್ಹೊದಿಕೆಯನ್ನು ಆಗಲೇ ಹೊಲಿದಿಟ್ಟಿದ್ದ. ಮಾವ ಮಧ್ಯಾಹ್ನ ಗೊರಕೆ ಹೊಡೆಯುವಾಗ ಟೇಪು ಹಿಡಿದು ಹೋಗಿ ಅಳತೆ ತೆಗೆದಿದ್ದ. "ತೋಳು ಇನ್ನೊಂಚೂರು ಸಡಿಲ ಮಾಡಿ" ಎನ್ನುವವರ ದನಿ ತಲುಪದಷ್ಟು ದೂರ, ಅಳಿವೆಯ ನಟ್ಟನಡುವೆ ಹೆಂಡತಿಯ ಜೊತೆ ತೇಲಬೇಕು ಎಂಬುದೊಂದೇ ಅವನ ಕನಸು.

"ರೀ, ಮುದ್ದೆ ಮುಂದೆ ಧ್ಯಾನ ಮಾಡ್ತಾ ಕೂತ್ರೆ ದೋಣಿ ಬರಲ್ಲ," ಹಿಂದಿನಿಂದ ಹೆಂಡತಿಯ ದನಿ. "ಕತ್ತರಿ ಕೈಲೇ ಇದೆಯಲ್ಲ, ಬಿಡಿಸಿ."

ಬಿಡಿಸಿದಾಗ ಮುದ್ದೆಯಿಂದ ಬೇರೆಯಾಗಿ ಬಂದದ್ದು ಮೂರೇ ಮೀನು. ಹಳದಿಯದೊಂದು, ಕಪ್ಪಿನದೊಂದು. ಮೂರನೆಯದು ಅರ್ಧ ಹಸಿರು, ಅರ್ಧ ಗುಲಾಬಿ. ಹೊಟ್ಟೆ ಉಬ್ಬಿ, ಬಾಲ ಸೊಟ್ಟಗಾಗಿ, ಕೆನ್ನೆಗೆ ದೊಡ್ಡದೊಂದು ಕಂದು ಗುಂಡಿ ಅಂಟಿಕೊಂಡಿತ್ತು. ಅದು ಅದೇ ಬೀದಿಯ ಟೀಚರಮ್ಮ ಹೊಲಿಯಲು ಕೊಟ್ಟಿದ್ದ ಕೋಟಿನ ನಾಲ್ಕು ಗುಂಡಿಗಳಲ್ಲಿ ಒಂದು. ಕೀಳಲು ಹೋದರೆ ಮೀನಿನ ತಲೆಯೇ ಕಿತ್ತುಬರುವಂತಿತ್ತು. ಉಳಿದ ಮೂರು ಗುಂಡಿಗಳು ಮುದ್ದೆಯ ಹೊಟ್ಟೆಯೊಳಗೆ ಸೇರಿಹೋಗಿದ್ದವು.

ದಡದ ಮೆಟ್ಟಿಲ ಮೇಲೆ ಪಕ್ಕದಂಗಡಿಯ ಕ್ಷೌರಿಕ ಆಗಲೇ ಹಾಜರಿದ್ದ. ಒಬ್ಬ ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಕೂರಿಸಿ ಬಂದಿದ್ದನಂತೆ. ಅವನ ಪಕ್ಕದಲ್ಲಿ ದೊಡ್ಡ ಛತ್ರಿ ಹಿಡಿದ ಟೀಚರಮ್ಮ. ನಿವೃತ್ತಿಯಾದ ಮೇಲೆ ಇಡೀ ಬೀದಿಯೇ ಅವರ ತರಗತಿ.

"ಹಳದಿ ಹಾಕು ಗುರೂ!" ಎಂದ ಕ್ಷೌರಿಕ. "ನೀರು ಟೀ ಥರ ಕದಡಿದೆ. ಹೊಳೆಯೋದು ಹಾಕಿದ್ರೆ ತಾನೇ ಮೀನಿಗೆ ಕಾಣೋದು? ಗಾಳ ಮುಳುಗಿಸೋಕೆ ಭಾರದ ಸೀಸ ಇರಲಿ. ಸರ್ರಂತ ಎಳಿ, ಕತ್ತರಿ ಓಡಿಸಿದ ಹಾಗೆ."

"ತಪ್ಪು," ಎಂದರು ಟೀಚರಮ್ಮ. "ಕದಡಿದ ನೀರಿಗೆ ಕಪ್ಪು. ಮೀನು ಕೆಳಗಿಂದ ಮೇಲೆ ನೋಡತ್ತೆ, ಅದಕ್ಕೆ ನೆರಳು ಎದ್ದು ಕಾಣ್ಬೇಕು. ಹಗುರ ಸೀಸ, ನಿಧಾನ. ಮೂವತ್ತು ವರ್ಷ ಪಾಠ ಹೇಳಿದೀನಿ ನಾನು."

"ಮೀನಿಗಾ?" ಎಂದ ಕ್ಷೌರಿಕ.

ಇಬ್ಬರಿಗೂ ಬೇಸರವಾಗದಿರಲೆಂದು ದರ್ಜಿ ಮೊದಲು ಹಳದಿ ಹಾಕಿದ. ಭಾರದ ಸೀಸ ನೇರ ಹೋಗಿ ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತು. "ದೊಡ್ಡದು ಗುರೂ, ಬಿಡಬೇಡ!" ಎಂದು ಕ್ಷೌರಿಕನೂ ಕೈಜೋಡಿಸಿ ಎಳೆದ. ದಾರ ಪಟ್ಟೆಂದು ತುಂಡಾಗಿ ಹಳದಿ ಮೀನು ಬಂಡೆಗೇ ಉಳಿಯಿತು, ಕ್ಷೌರಿಕ ಕೆಸರಿನಲ್ಲಿ ಕೂತ.

ಆಮೇಲೆ ಕಪ್ಪು. ಹಗುರ ಸೀಸ ತಳ ಮುಟ್ಟಲೇ ಇಲ್ಲ. ಸೆಳೆತ ಅದನ್ನು ತರಗೆಲೆಯಂತೆ ತೇಲಿಸಿಕೊಂಡು ಹೋಗಿ ಮತ್ತೆ ದಡಕ್ಕೇ ತಂದುಬಿಟ್ಟಿತು, ಅದೂ ಬಾಲವಿಲ್ಲದೆ. ಯಾವುದೋ ಪುಡಿ ಮೀನು ಬಾಲವನ್ನಷ್ಟೇ ಕಚ್ಚಿಕೊಂಡು ಹೋಗಿತ್ತು.

"ಎಷ್ಟು ನೀಟಾಗಿ ಕತ್ತರಿಸಿದೆ ನೋಡು," ಎಂದ ಕ್ಷೌರಿಕ ಮೆಚ್ಚಿಕೊಂಡು. "ನಿನ್ನ ಕಸುಬಿನದೇ."

ಗಂಟೆ ನಾಲ್ಕೂವರೆ. ದರ್ಜಿ ಗುಂಡಿಯನ್ನು ಹೆಬ್ಬೆರಳಿನಿಂದ ಮರೆಮಾಡುತ್ತ ಸೊಟ್ಟ ಮೀನನ್ನು ಹೊರತೆಗೆದ. ಅತ್ತ ಭಾರವೂ ಅಲ್ಲದ, ಇತ್ತ ಹಗುರವೂ ಅಲ್ಲದ ಸೀಸವನ್ನು ಆರಿಸಿದ.

"ಅಯ್ಯೋ, ಇದನ್ನ ಕಂಡ್ರೆ ಮೀನು ದಡ ಹತ್ತಿ ಓಡಿಹೋಗತ್ತೆ!" ಎಂದ ಕ್ಷೌರಿಕ.

ದರ್ಜಿ ಕಿವಿಗೊಡಲಿಲ್ಲ. ದಾರವನ್ನು ಎರಡು ಬೆರಳ ನಡುವೆ ಹಿಡಿದಾಗ ಅವನಿಗೆ ಮೊದಲ ಬಾರಿಗೆ ಹೊಳೆಯಿತು: ಅರೆ, ಇದೂ ದಾರವೇ ಅಲ್ಲವೇ! ಇಪ್ಪತ್ತು ವರ್ಷದಿಂದ ಬಲ್ಲ ಸ್ನೇಹಿತ. ಸೀಸ ತಳ ಮುಟ್ಟಿದ್ದು ಬೆರಳಿಗೆ 'ಟಕ್' ಎಂದು ತಿಳಿಯಿತು. ಬೆರಳುಗಳು ತಮ್ಮಷ್ಟಕ್ಕೆ ಅಂಚು ಹೊಲಿಯತೊಡಗಿದವು. ಎರಡು ಪುಟ್ಟ ಎಳೆತ, ಒಂದು ತಡೆ. ಸೊಟ್ಟ ಮೀನು ತಳದಿಂದ ಕುಪ್ಪಳಿಸಿ ಮತ್ತೆ ಮೆಲ್ಲನೆ ಇಳಿಯುತ್ತಿತ್ತು. ಎರಡು ಎಳೆತ, ಒಂದು ತಡೆ. ಎರಡು ಎಳೆತ...

ಆ ತಡೆಯಲ್ಲೇ ದಾರ ಬಿಗಿಯಿತು.

ಕೋಲು ಬಿಲ್ಲಾಯಿತು. ರೀಲು ಹೊಲಿಗೆ ಯಂತ್ರಕ್ಕಿಂತ ಜೋರಾಗಿ ಕಿರುಚಿತು. "ಬಿಡು! ಎಳಿ! ಬಿಡು!" ಎಂದು ಕ್ಷೌರಿಕ ಕುಣಿದ. ನೀರಿನಲ್ಲಿ ಬೆಳ್ಳಿಯ ಪಕ್ಕೆಯೊಂದು ಮಿಂಚಿತು.

"ಟೀಚರಮ್ಮಾ, ಛತ್ರಿ!" ಎಂದು ದರ್ಜಿ ಕೂಗಿದ.

ಟೀಚರಮ್ಮ ಮೊಣಕಾಲುದ್ದ ನೀರಿಗಿಳಿದು ಛತ್ರಿಯನ್ನು ತಲೆಕೆಳಗು ಮಾಡಿ ಮೀನನ್ನು ಬಾಚಿಯೇಬಿಟ್ಟರು. ದರ್ಜಿಯ ತೋಳಿನಷ್ಟುದ್ದದ ಮೀನು! ಅದರ ಬಾಯೊಳಗಿಂದ ಕಂದು ಕಣ್ಣೊಂದು ಅವರನ್ನೇ ದಿಟ್ಟಿಸುತ್ತಿತ್ತು.

"ಏನಪ್ಪಾ, ಇದು ನನ್ನ ಕೋಟಿನ ಗುಂಡಿ ಅಲ್ವಾ?"

"ಹೌದು ಟೀಚರಮ್ಮ. ಸದ್ಯಕ್ಕೆ ಮೀನಿಂದು."

ಅಷ್ಟರಲ್ಲಿ ಮಾವ ಬಂದರು. ಜೊತೆಗೆ ದಡದ ಆಚೆ ತುದಿಯಲ್ಲಿ ದಿನವಿಡೀ ಗಾಳ ಹಾಕಿದ್ದ ದೊಡ್ಡ ಅಳಿಯ, ಬೇಕರಿಯವ. ಅವನು ಕತ್ತು ತಿರುಗಿಸದೆ ಗೊಂಬೆಯಂತೆ ನಡೆಯುತ್ತಿದ್ದ. ಬೀಸಿದ ಗಾಳ ಅವನದೇ ಅಂಗಿಯ ಕಾಲರಿಗೆ ಕಚ್ಚಿಕೊಂಡಿತ್ತು. ಇತ್ತ ದರ್ಜಿಯ ಹೆಂಡತಿ ಮನೆಯಿಂದ ಓಡೋಡಿ ಬಂದಳು, ಕಂಕುಳಲ್ಲಿ ನೀಲಿ ಪಟ್ಟೆಯ ಹೊದಿಕೆ. ಇನ್ನು ಅನುಮಾನವೇನಿತ್ತು?

ಮಾವ ಮೀನಿನ ಬೆನ್ನು ಸವರಿದರು. ಅವರ ಕಣ್ಣು ಒದ್ದೆಯಾಯಿತು.

"ಭೇಷ್! ದಡದಲ್ಲಿ ನಿಂತು ಇಂಥಾ ಮೀನು ನಾನೂ ಹಿಡಿದಿಲ್ಲ. ಚಿಕ್ಕ ಅಳಿಯಂದಿರೇ, ನಿಮಗೆ ದೋಣಿ ಕೊಟ್ರೆ ಅವಮಾನ ಮಾಡಿದ ಹಾಗೆ. ನಿಮಗ್ಯಾಕೆ ದೋಣಿ?" ಎಂದು ಇನ್ನೊಬ್ಬನ ಕಡೆ ತಿರುಗಿದರು. "ಪಾಪ, ದಡದಲ್ಲಿ ಕಾಲರ್ ಬಿಟ್ಟು ಇನ್ನೇನೂ ಸಿಗದೇ ಇರೋದು ಇವರಿಗೆ. ದೋಣಿ ಇವರಿಗೇ."

ದರ್ಜಿಯ ಬಾಯಿ ಛತ್ರಿಯಲ್ಲಿದ್ದ ಮೀನಿನಂತೆ ತೆರೆದೇ ಇತ್ತು.

"ಓಹೋ, ಹೊದಿಕೆ ಬೇರೆ ಹೊಲಿದಿದೀರಾ! ದೊಡ್ಡ ಮನಸ್ಸು. ದೋಣಿಯ ಜೊತೆಗೇ ಕೊಟ್ಟುಬಿಡಿ. ಅಳತೆ ಸರಿಯಾಗತ್ತೆ ತಾನೇ?"

"ಸರಿಯಾಗೇ ಇದೆ ಮಾವ," ಎಂದ ದರ್ಜಿ. ಕಸುಬಿನ ವಿಷಯದಲ್ಲಿ ಅವನು ಸುಳ್ಳು ಹೇಳುವವನಲ್ಲ.

ಕಾಲರಿನ ಗಾಳವನ್ನು ಬಿಡಿಸುವ ಕೆಲಸವೂ ಅವನ ಪಾಲಿಗೇ ಬಂತು. ಬಿಡಿಸುತ್ತಿರುವಾಗ ಬೇಕರಿಯವ ಪಿಸುಗುಟ್ಟಿದ: "ತಮ್ಮಾ, ಮಾವನಿಗೆ ಹೇಳ್ಬೇಡ. ನೀರು ನೋಡಿದ್ರೇ ನಂಗೆ ತಲೆ ಸುತ್ತತ್ತೆ. ಮುಂದಿನ ಭಾನುವಾರ ನೀನೇ ಬಂದು ಹುಟ್ಟು ಹಾಕ್ತೀಯಾ? ನಾನು ಕಣ್ಮುಚ್ಚಿ ಕೂತಿರ್ತೀನಿ."

"ಭಾವ, ನನ್ನ ಹೆಂಡ್ತೀನೂ ಬರಬಹುದಾ?"

"ಬರಲಿ. ನನ್ನ ಹಿಡ್ಕೊಳ್ಳೋಕೂ ಒಬ್ಬರು ಬೇಕಲ್ಲ."

ಅಂಗಡಿಗೆ ಮರಳಿ ದರ್ಜಿ ಡಬ್ಬಿಯ ಮುಚ್ಚಳ ತೆಗೆದ. ಟೀಚರಮ್ಮ ಕೋಟನ್ನು ಮಂಗಳವಾರ ಕೊಡಲೇಬೇಕೆಂದು ಹೇಳಿಹೋಗಿದ್ದರು. ಕತ್ತರಿ ಹಿಡಿದು ಮುದ್ದೆಯನ್ನು ಸೀಳಿದಾಗ ಒಳಗಿಂದ ಮೂರು ಕಂದು ಕಣ್ಣುಗಳು ಅವನನ್ನೇ ಆಸೆಯಿಂದ ನೋಡಿದವು. ಪ್ರತಿ ಕಣ್ಣಿಗೂ ಒಂದು ಸೊಟ್ಟ ಮೀನು ಅಂಟಿಕೊಂಡೇ ಇತ್ತು.

ಹೆಂಡತಿ ಅವನ ಹೆಗಲ ಮೇಲಿಂದ ಬಗ್ಗಿ ಬಹಳ ಹೊತ್ತು ನೋಡಿದಳು.

"ರೀ," ಎಂದಳು ಮೆಲ್ಲಗೆ, "ಟೀಚರಮ್ಮನ ಕೋಟಿಗೆ ಜಿಪ್ ಚೆನ್ನಾಗಿ ಒಪ್ಪತ್ತೆ, ಅಲ್ವಾ?"